ಹೆಸರು ಮನೆತನದ ಸೊತ್ತು

ಇತಿಹಾಸದಲ್ಲಿ ಒಂದೇ ಹೆಸರಿನ ಹಲವು ಪ್ರಸಿದ್ಧರು ಕಾಣಿಸಿಕೊಳ್ಳುವುದನ್ನು ಕಾಕತಾಳೀಯವೆಂದು, ಹೆಚ್ಚೆಂದರೆ ಓದುವವರಿಗೆ ಒದಗುವ ಒಂದು ತೊಡಕೆಂದು ಭಾವಿಸುವುದೇ ವಾಡಿಕೆ. ಆದರೆ ಮೈಸೂರು ಒಡೆಯರ ವಂಶಾವಳಿಯನ್ನು ಮುಂದಿಟ್ಟುಕೊಂಡು ನೋಡಿದರೆ, ಹೆಸರು ಮರಳಿ ಮರಳಿ ಬರುವುದು ಬಹುಮಟ್ಟಿಗೆ ಉದ್ದೇಶಪೂರ್ವಕವಾದ ಏರ್ಪಾಡೆಂದೂ, ಅದು ಮನೆತನಕ್ಕೆ ಎಷ್ಟು ಉಪಕಾರಿಯೋ ಆ ಹೆಸರು ಹೊತ್ತವರಿಗೆ ಅಷ್ಟೇ ಅನ್ಯಾಯ ಮಾಡುವಂಥದೆಂದೂ ತಿಳಿಯುತ್ತದೆ. ಮೈಸೂರಿನ ವಾಯವ್ಯ ಅಂಚಿನ ಹೂಟಗಳ್ಳಿಯಲ್ಲಿ ವಾಸಿಸುವವರಿಗೆ ಈ ಹೆಸರುಗಳು ದಿನಬಳಕೆಯವು: ಸಮೀಪದಲ್ಲಿ ಕೃಷ್ಣರಾಜಸಾಗರಕ್ಕೆ ಹೋಗುವ ರಸ್ತೆ, ಪೇಟೆಗೆ ಬಂದರೆ ಕೃಷ್ಣರಾಜ ವೃತ್ತ ಮತ್ತು ಚಾಮರಾಜ ವೃತ್ತ, ಚುನಾವಣೆ ಬಂದರೆ ಕೃಷ್ಣರಾಜ, ಚಾಮರಾಜ ಎಂಬ ವಿಧಾನಸಭಾ ಕ್ಷೇತ್ರಗಳು. ಯಾವ ಕೃಷ್ಣರಾಜ, ಯಾವ ಚಾಮರಾಜ ಎಂಬುದನ್ನು ಮಾತ್ರ ಈ ಹೆಸರುಗಳು ಹೇಳುವುದಿಲ್ಲ.

ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ ಕನ್ನಡ ನಾಡಿನಲ್ಲಿ ಬಹಳ ಹಳೆಯದು. ಬಾದಾಮಿ ಚಾಲುಕ್ಯರ ಇಮ್ಮಡಿ ಪುಲಕೇಶಿ, ಅಂದರೆ ಆ ಹೆಸರಿನ ಎರಡನೆಯವನು, ಒಂದನೆಯ ಪುಲಕೇಶಿಯ ಮೊಮ್ಮಗ. ಹೊಯ್ಸಳರಲ್ಲಿ ಒಂದನೆಯ ನರಸಿಂಹನ ಮಗ ಇಮ್ಮಡಿ ಬಲ್ಲಾಳ, ಬಲ್ಲಾಳನ ಮಗ ಇಮ್ಮಡಿ ನರಸಿಂಹ. ಇಲ್ಲೆಲ್ಲ ಹೆಸರು ರಕ್ತಸಂಬಂಧವನ್ನು ಹಿಂಬಾಲಿಸುತ್ತದೆ. ಮೈಸೂರಿನಲ್ಲಿ ಅದು ಇನ್ನೂ ಮುಂದೆ ಹೋಗಿ, ಗಂಡುಸಂತತಿ ಕಡಿದುಹೋದಾಗ ಅದರ ಜಾಗವನ್ನೇ ತುಂಬುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ತಮ್ಮ ಮಗಳ ಮಗನನ್ನು ದತ್ತು ಪಡೆದಾಗ ಆ ಬಾಲಕ ಹೊತ್ತದ್ದು ಚಾಮರಾಜೇಂದ್ರ ಎಂಬ ಹೆಸರನ್ನು, ಅಂದರೆ ಮುಮ್ಮಡಿಯವರ ತಂದೆ ಖಾಸಾ ಚಾಮರಾಜರ ಹೆಸರನ್ನು. ಆತನ ಮಗ ನಾಲ್ವಡಿ ಕೃಷ್ಣರಾಜರಾದರು. ಹೀಗೆ ದತ್ತಕದಿಂದ ಬಂದ ಶಾಖೆ ಎರಡು ತಲೆಮಾರುಗಳಲ್ಲಿ, ನಡುವೆ ಏನೂ ಆಗಲಿಲ್ಲವೆಂಬಂತೆ, ಹಳೆಯ ಹೆಸರಿಗೇ ಬಂದು ಸೇರಿತು. ಆ ದತ್ತಕವನ್ನು ಬ್ರಿಟಿಷ್ ಸರ್ಕಾರ 1867ರಲ್ಲಿ ಒಪ್ಪಿ, 1881ರಲ್ಲಿ ರಾಜ್ಯವನ್ನು ಚಾಮರಾಜೇಂದ್ರರಿಗೆ ಮರಳಿಸಿತೆಂಬುದನ್ನು ನೆನೆದರೆ, ವಂಶ ಮುರಿದಿಲ್ಲವೆಂದು ಸಾರುವ ಅಗತ್ಯ ಅರಮನೆಗೆ ಎಷ್ಟಿತ್ತೆಂಬುದು ಅರಿವಾಗುತ್ತದೆ. ಫ್ರಾನ್ಸಿನಲ್ಲಿ 1793ರಲ್ಲಿ ಹದಿನಾರನೆಯ ಲೂಯಿಯ ಶಿರಚ್ಛೇದವಾದ ಬಳಿಕ ಪಟ್ಟವನ್ನೇ ಏರದೆ ಸತ್ತ ಅವನ ಮಗನನ್ನು ಹದಿನೇಳನೆಯವನೆಂದು ಎಣಿಸಿ, ಮುಂದೆ ಸಿಂಹಾಸನಕ್ಕೆ ಬಂದವನು ಹದಿನೆಂಟನೆಯ ಲೂಯಿ ಎನ್ನಿಸಿಕೊಂಡದ್ದೂ ಇದೇ ತರ್ಕದಿಂದ. 2015ರಲ್ಲಿ ಮೈಸೂರು ಅರಮನೆಗೆ ದತ್ತಕವಾಗಿ ಬಂದ ಯದುವೀರ ಅವರು ಯದುವೀರ ಕೃಷ್ಣದತ್ತ ಚಾಮರಾಜ ಒಡೆಯರ್ ಆದರು. ಕೃಷ್ಣನ ಹೆಸರೂ ಚಾಮರಾಜನ ಹೆಸರೂ ಅದರಲ್ಲಿ ಕೂಡಿಕೊಂಡಿವೆ.

ಮನೆತನಕ್ಕೆ ಒದಗಿದ ಈ ಭದ್ರತೆಯ ಬೆಲೆಯನ್ನು ತೆತ್ತವರು ವ್ಯಕ್ತಿಗಳು. ಕೃಷ್ಣರಾಜ ಎಂಬ ಹೆಸರಿನ ನಾಲ್ವರ ಬಾಳಿನಲ್ಲಿ ಸಮಾನವಾದದ್ದು ಹೆಸರು ಬಿಟ್ಟರೆ ಬಹಳ ಕಡಿಮೆ. 1734ರಿಂದ 1766ರವರೆಗೆ ಅರಸನೆನಿಸಿಕೊಂಡ ಇಮ್ಮಡಿ ಕೃಷ್ಣರಾಜರು ಎಳೆಯ ವಯಸ್ಸಿನಲ್ಲೇ ದತ್ತು ಬಂದವರು; ದಳವಾಯಿ, ಅಂದರೆ ಸೇನಾಧಿಪತ್ಯದ ಜೊತೆಗೆ ಆಡಳಿತವನ್ನೂ ಕೈಗೆ ತೆಗೆದುಕೊಂಡಿದ್ದ ಅಧಿಕಾರಿ, ದೇವರಾಜಯ್ಯ ಮತ್ತು ಆತನ ತಮ್ಮ ನಂಜರಾಜಯ್ಯನ ನೆರಳಿನಲ್ಲಿ ಮೊದಲು, 1761ರ ನಂತರ ಹೈದರಾಲಿಯ ನೆರಳಿನಲ್ಲಿ ಅವರು ದಿನ ಕಳೆದರು. ಮುಮ್ಮಡಿಯವರು 1799ರಲ್ಲಿ ಐದರ ವಯಸ್ಸಿನಲ್ಲಿ ಪಟ್ಟಕ್ಕೆ ಬಂದು, 1831ರಲ್ಲಿ ಆಡಳಿತವನ್ನು ಕಳೆದುಕೊಂಡು, 1868ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಮರಳಿ ಪಡೆಯಲು ಹೋರಾಡುತ್ತ, ಆ ಬಿಡುವಿನಲ್ಲೇ ‘ಶ್ರೀತತ್ತ್ವನಿಧಿ’ಯಂಥ ಸಚಿತ್ರ ಕೃತಿಗೆ ಆಶ್ರಯ ಕೊಟ್ಟರು. ನಾಲ್ವಡಿಯವರ ಕಾಲ ಕೃಷ್ಣರಾಜಸಾಗರ ಅಣೆಕಟ್ಟಿನದು, 1916ರ ಮೈಸೂರು ವಿಶ್ವವಿದ್ಯಾನಿಲಯದ್ದು, ಹಿಂದುಳಿದ ವರ್ಗಗಳಿಗೆ ಸರ್ಕಾರಿ ಹುದ್ದೆಗಳ ಬಾಗಿಲು ತೆರೆದ ಮಿಲ್ಲರ್ ಸಮಿತಿಯದು. ಜನಮನದಲ್ಲಿ ‘ಕೃಷ್ಣರಾಜ’ ಎಂದೊಡನೆ ನಾಲ್ವಡಿಯವರೇ ನಿಲ್ಲುತ್ತಾರೆ, ಅದಕ್ಕೆ ಅವರು ಅರ್ಹರೂ ಹೌದು. ಆದರೆ ಅವರ ಪ್ರಭೆಯಲ್ಲಿ ಇಮ್ಮಡಿಯವರ ಅಸಹಾಯಕತೆಯೂ ಮುಮ್ಮಡಿಯವರ ನೋವೂ ಮರೆಯಾಗುವುದು ಇತಿಹಾಸಕ್ಕೆ ಆಗುವ ನಷ್ಟ.

ಚಾಮರಾಜರ ವಿಷಯದಲ್ಲಿ ಗೊಂದಲ ಇನ್ನೂ ಆಳವಾದದ್ದು. ಚಾಮರಾಜನಗರದ ಹಳೆಯ ಹೆಸರು ಅರಿಕುಠಾರ. ಅಲ್ಲಿ ಹುಟ್ಟಿದ ಖಾಸಾ ಚಾಮರಾಜರು 1776ರಿಂದ 1796ರವರೆಗೆ ಹೈದರ್ ಮತ್ತು ಟಿಪ್ಪುವಿನ ಅಧೀನದಲ್ಲಿ ಹೆಸರಿಗೆ ಮಾತ್ರ ಅರಸರಾಗಿದ್ದವರು. ಮಗ ಮುಮ್ಮಡಿಯವರು ತಂದೆಯ ನೆನಪಿಗಾಗಿ 1818ರಲ್ಲಿ ಊರಿಗೆ ಆ ಹೆಸರಿಟ್ಟು, ಚಾಮರಾಜೇಶ್ವರ ದೇವಾಲಯವನ್ನೂ ಕಟ್ಟಿಸಿದರು. ಆದರೆ 1892ರಲ್ಲಿ ರೂಪುಗೊಂಡ ಬೆಂಗಳೂರಿನ ಚಾಮರಾಜಪೇಟೆಯ ಚಾಮರಾಜರು ಬೇರೆ. ಅವರು ಪ್ರಜಾಪ್ರತಿನಿಧಿ ಸಭೆ ಆರಂಭವಾದ ಕಾಲದ ಚಾಮರಾಜೇಂದ್ರರು, ಮೂವತ್ತೊಂದರ ಹರೆಯದಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡವರು. ಅಧಿಕಾರವೇ ಇಲ್ಲದೆ ಬದುಕಿದವರೊಬ್ಬರು, ಕೈತಪ್ಪಿದ್ದ ಅಧಿಕಾರ ಮರಳಿ ದಕ್ಕಿದವರೊಬ್ಬರು. ಇವರಿಬ್ಬರನ್ನು ಒಂದೇ ಶಬ್ದದಲ್ಲಿ ಕರೆಯುವುದರಿಂದ ಇಬ್ಬರ ಕಥೆಯೂ ಮಸುಕಾಗುತ್ತದೆ. ಕ್ರಮಸಂಖ್ಯೆಯ ಆಸರೆಯೂ ಇಲ್ಲಿ ಪೂರ್ತಿ ಸಿಗುವುದಿಲ್ಲ, ಏಕೆಂದರೆ ಚಾಮರಾಜೇಂದ್ರರನ್ನು ಕೆಲವರು ಒಂಬತ್ತನೆಯವರೆಂದೂ ಕೆಲವರು ಹತ್ತನೆಯವರೆಂದೂ ಎಣಿಸುತ್ತಾರೆ.

ಸಾಹಿತ್ಯಚರಿತ್ರೆಯಲ್ಲಿ ಇಂಥ ಗೋಜಲನ್ನು ಬಿಡಿಸಿದ ರೀತಿ ಅನುಕರಣೀಯ. ‘ಛಂದೋಂಬುಧಿ’ ಮತ್ತು ‘ಕರ್ಣಾಟಕ ಕಾದಂಬರಿ’ಯ ನಾಗವರ್ಮನೂ ‘ಕಾವ್ಯಾವಲೋಕನ’, ‘ಕರ್ಣಾಟಕ ಭಾಷಾಭೂಷಣ’ಗಳ ನಾಗವರ್ಮನೂ ಬೇರೆಬೇರೆ ಎಂಬ ನಿರ್ಣಯಕ್ಕೆ ವಿದ್ವಾಂಸರು ಬಂದದ್ದು ತಂದೆಯ ಹೆಸರು, ಆಶ್ರಯದಾತ, ಉಲ್ಲೇಖಿತ ಕವಿಗಳು ಮುಂತಾದ ಒಳಸಾಕ್ಷ್ಯಗಳಿಂದ. ಆದರೂ ಎರಡನೆಯವನ ಕಾಲ ಬಹುಕಾಲ ಇತ್ಯರ್ಥವಾಗದೆ ಉಳಿಯಲು ಕಾರಣ ಮತ್ತೊಂದು ಸಮಾನನಾಮವೇ: ಅವನಿಗೆ ಆಶ್ರಯ ಕೊಟ್ಟ ದೊರೆಯ ಬಿರುದು ಜಗದೇಕಮಲ್ಲ, ಕಲ್ಯಾಣ ಚಾಲುಕ್ಯರಲ್ಲಿ ಆ ಬಿರುದನ್ನು ಧರಿಸಿದವರು ಒಬ್ಬರಿಗಿಂತ ಹೆಚ್ಚು, ಅವರಲ್ಲಿ ಮೊದಲ ಇಬ್ಬರ ನಡುವೆ ಸುಮಾರು ನೂರು ವರ್ಷಗಳ ಅಂತರ. ಹೀಗಾಗಿ ಒಬ್ಬ ವೈಯಾಕರಣ 11ನೆಯ ಶತಮಾನಕ್ಕೂ 12ನೆಯ ಶತಮಾನಕ್ಕೂ ನಡುವೆ ಓಲಾಡಬೇಕಾಯಿತು.

ಅರಮನೆಯ ಹೊರಗಿನವರ ಹೆಸರಿಗೆ ಕ್ರಮಸಂಖ್ಯೆಯೂ ಇಲ್ಲ, ಬಿರುದೂ ಇಲ್ಲ. ಮೈಸೂರಿನ ದೇವರಾಜ ಮಾರುಕಟ್ಟೆಯ ಹೆಸರನ್ನು 17ನೆಯ ಶತಮಾನದ ದೊಡ್ಡ ದೇವರಾಜ ಒಡೆಯರಿಗೆ ಸಲ್ಲಿಸುವುದು ರೂಢಿ. ಅದರ ಪಕ್ಕದ ದೇವರಾಜ ಅರಸು ರಸ್ತೆ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಡಿ. ದೇವರಾಜ ಅರಸು ಅವರದು, 1972ರಲ್ಲಿ ಮುಖ್ಯಮಂತ್ರಿಯಾಗಿ ಭೂಸುಧಾರಣೆಯ ಮೂಲಕ ಗೇಣಿದಾರರನ್ನು ಹೊಲದ ಒಡೆಯರನ್ನಾಗಿ ಮಾಡಿದವರದು. ಒಬ್ಬರು ಕಂದಾಯ ಪಡೆದ ಅರಸರು, ಇನ್ನೊಬ್ಬರು ಉಳುವವನಿಗೆ ಭೂಮಿಯ ಹಕ್ಕು ಕೊಡಿಸಿದ ಜನಪ್ರತಿನಿಧಿ. ರಸ್ತೆಯ ಫಲಕದಲ್ಲಿ, ವೃತ್ತದ ಪೀಠದಲ್ಲಿ, ಶಾಲೆಯ ಪಾಠದಲ್ಲಿ ಹೆಸರಿನ ಪಕ್ಕ ಹುಟ್ಟುಸಾವಿನ ಇಸವಿಗಳನ್ನೂ ಒಂದು ಸಾಲಿನ ಪರಿಚಯವನ್ನೂ ಕೊಡುವುದು ನಗರಸಭೆಗಳಿಗೂ ಪಠ್ಯಪುಸ್ತಕ ರಚಿಸುವವರಿಗೂ ದುಬಾರಿಯ ಕೆಲಸವಲ್ಲ. ಕೃಷ್ಣರಾಜಸಾಗರದ ನೀರು ಕುಡಿಯುವ ಮಗುವಿಗೆ ಆ ಕೃಷ್ಣರಾಜರು 1884ರಲ್ಲಿ ಹುಟ್ಟಿ 1940ರಲ್ಲಿ ತೀರಿಕೊಂಡ ನಾಲ್ವಡಿಯವರೆಂದು ತಿಳಿಯಲು ಅಷ್ಟು ಸಾಕು.