ವಿಮಾನ ಇನ್ನೂ ನೆಲದ ಮೇಲಿರುವಾಗ

2006ರ ಆಗಸ್ಟ್ 27, ಭಾನುವಾರ. ಅಮೆರಿಕದ ಕೆಂಟಕಿ ರಾಜ್ಯದ ಲೆಕ್ಸಿಂಗ್‌ಟನ್ ನಗರದಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ. ಬೆಳಗಿನ ಆರು ಗಂಟೆಯ ಸುಮಾರಿಗೆ ಅಲ್ಲಿನ ಬ್ಲೂ ಗ್ರಾಸ್ ವಿಮಾನ ನಿಲ್ದಾಣದಿಂದ ಕಾಮ್‌ಏರ್ ಸಂಸ್ಥೆಯ ಒಂದು ಚಿಕ್ಕ ಜೆಟ್ ವಿಮಾನ ಅಟ್ಲಾಂಟಾಕ್ಕೆ ಹೊರಟಿತು. ಒಳಗೆ 47 ಪ್ರಯಾಣಿಕರು, ಮೂವರು ಸಿಬ್ಬಂದಿ. ಎಂಜಿನ್ ಸರಿಯಾಗಿತ್ತು, ಹವೆಯೂ ಅಡ್ಡಿಯಾಗಿರಲಿಲ್ಲ. ಆದರೂ ವಿಮಾನ ಸರಿಯಾಗಿ ಮೇಲೇಳುವ ಮೊದಲೇ ರನ್‌ವೇ ಮುಗಿದುಹೋಯಿತು. ನಿಲ್ದಾಣದ ಬೇಲಿಗೆ, ಆಚೆಯ ಮರಗಳಿಗೆ ಬಡಿದು ವಿಮಾನ ಹೊತ್ತಿ ಉರಿಯಿತು. 49 ಮಂದಿ ಸತ್ತರು. ಉಳಿದವರು ಸಹ ಪೈಲಟ್ ಒಬ್ಬರೇ.

ವಿಮಾನವೆಂದರೆ ಆಕಾಶದ ಅಪಾಯವನ್ನಷ್ಟೇ ನೆನೆಯುವವರೇ ಹೆಚ್ಚು. ನೆಲದ ಮೇಲೆ ಅದು ಮೆಲ್ಲಗೆ ಉರುಳುತ್ತಿರುವಾಗ ಪ್ರಯಾಣಿಕರು ಪತ್ರಿಕೆ ಬಿಡಿಸುತ್ತಾರೆ, ಮಕ್ಕಳು ಕಿಟಕಿಗೆ ಮುಖ ಒತ್ತುತ್ತಾರೆ. ನಿಲುಗಡೆಯಿಂದ ರನ್‌ವೇವರೆಗಿನ ಈ ಓಡಾಟಕ್ಕೆ ‘ಟ್ಯಾಕ್ಸಿ ಮಾಡುವುದು’ ಎನ್ನುತ್ತಾರೆ. ಎಡಬದಿಯಲ್ಲಿ ಕೂತ ಕ್ಯಾಪ್ಟನ್‌ರ ಎಡಗೈ ಬಳಿ ಒಂದು ಪುಟ್ಟ ಹಿಡಿಕೆ ಇರುತ್ತದೆ. ಅದನ್ನು ತಿರುಗಿಸಿದರೆ ವಿಮಾನದ ಮೂಗಿನ ಕೆಳಗಿನ ಚಕ್ರ ತಿರುಗುತ್ತದೆ. ಮುಂದಕ್ಕೆ ತಳ್ಳುವುದು ಮಾತ್ರ ಎಂಜಿನ್ನೇ. ಹಲವು ದೊಡ್ಡ ವಿಮಾನಗಳಲ್ಲಿ ಪೈಲಟ್‌ಗೆ ತನ್ನದೇ ರೆಕ್ಕೆಯ ತುದಿ ಕಾಣುವುದಿಲ್ಲ. ಒಬ್ಬರು ಹೀಗೆ ನಡೆಸುತ್ತಿದ್ದರೆ ಇನ್ನೊಬ್ಬರು ನಕ್ಷೆ ನೋಡಬೇಕು, ನಿಯಂತ್ರಣ ಗೋಪುರದ ಮಾತಿಗೆ ಉತ್ತರಿಸಬೇಕು, ಹಾರುವ ಮೊದಲು ಓದಬೇಕಾದ ಪಟ್ಟಿಯನ್ನು ಓದಬೇಕು. ನೆಲದ ಮೇಲಿನ ಈ ಕೆಲವು ನಿಮಿಷ ಕಾಕ್‌ಪಿಟ್‌ನಲ್ಲಿ ಬಿಡುವಿನ ಹೊತ್ತಲ್ಲ.

ಲೆಕ್ಸಿಂಗ್‌ಟನ್‌ನಲ್ಲಿ ಆಗ ಎರಡು ರನ್‌ವೇಗಳಿದ್ದವು. ವಿಮಾನಕ್ಕೆ ಗೊತ್ತುಮಾಡಿದ್ದು 22ನೇ ರನ್‌ವೇ. ಉದ್ದ 7,003 ಅಡಿ. ಅಲ್ಲಿಗೆ ಹೋಗಲು 26ನೇ ರನ್‌ವೇಯನ್ನು ದಾಟಬೇಕಿತ್ತು. ಇದರ ಉದ್ದ ಬರೀ 3,501 ಅಡಿ, ಅಂದರೆ ಅರ್ಧ. ಪೈಲಟ್‌ಗಳು ದಾಟಬೇಕಾದಲ್ಲಿ ತಿರುಗಿಬಿಟ್ಟರು.

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ವಿಷಯವಿದೆ. ರನ್‌ವೇ ಸಂಖ್ಯೆಗಳು ಮನೆ ನಂಬರಿನ ಹಾಗೆ ಒಂದು, ಎರಡು ಎಂದು ಕೊಟ್ಟವಲ್ಲ. ರನ್‌ವೇ ಮುಖಮಾಡಿದ ದಿಕ್ಕನ್ನು ದಿಕ್ಸೂಚಿಯಲ್ಲಿ ನೋಡಿ, ಬಂದ ಡಿಗ್ರಿಯನ್ನು ಹತ್ತರಿಂದ ಭಾಗಿಸಿ, ಹತ್ತಿರದ ಪೂರ್ಣಾಂಕ ತೆಗೆದುಕೊಳ್ಳುತ್ತಾರೆ. 22 ಎಂದರೆ ಸುಮಾರು 220 ಡಿಗ್ರಿ, 26 ಎಂದರೆ ಸುಮಾರು 260. ಪೈಲಟ್‌ಗಳ ಎದುರಿನ ದಿಕ್ಸೂಚಿ ಅಂದು ಸುಮಾರು ನಲವತ್ತು ಡಿಗ್ರಿ ವ್ಯತ್ಯಾಸವನ್ನು ತೋರಿಸುತ್ತಲೇ ಇತ್ತು. ಓಟ ಶುರುವಾದ ಮೇಲೆ ಸಹ ಪೈಲಟ್, ದೀಪಗಳಿಲ್ಲದಿರುವುದು ವಿಚಿತ್ರವಾಗಿದೆಯಲ್ಲ ಎಂದರು. ಕ್ಯಾಪ್ಟನ್ ಹೌದೆಂದರು. ಇಬ್ಬರೂ ಅಲ್ಲಿಗೇ ಬಿಟ್ಟರು. ಹಿಂದೊಂದು ರಾತ್ರಿ ಬಂದಾಗಲೂ ಅಲ್ಲಿ ದೀಪಗಳು ಉರಿಯದಿದ್ದುದನ್ನು ಸಹ ಪೈಲಟ್ ಕಂಡಿದ್ದರು. ಹಾಗಾಗಿ ಕತ್ತಲೆಗೆ ಮನಸ್ಸಿನಲ್ಲಿ ಒಂದು ಕಾರಣ ಸಿದ್ಧವಾಗಿತ್ತು.

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ತನಿಖೆ ನಡೆಸಿತು. ಕಾಕ್‌ಪಿಟ್‌ನ ಧ್ವನಿಮುದ್ರಣದಲ್ಲಿ, ವಿಮಾನ ಟ್ಯಾಕ್ಸಿ ಮಾಡುತ್ತಿದ್ದಾಗ ಇಬ್ಬರೂ ಸುಮಾರು 40 ಸೆಕೆಂಡು ಹಾರಾಟಕ್ಕೆ ಸಂಬಂಧಿಸದ ಮಾತನ್ನಾಡಿದ್ದು ಸಿಕ್ಕಿತು. ಜಗಳವಲ್ಲ, ಹರಟೆಯೂ ಅಲ್ಲ ಎನ್ನುವಷ್ಟು ಸಾಮಾನ್ಯ ಮಾತು. ತಾವು ಎಲ್ಲಿದ್ದೇವೆಂಬ ಅರಿವು ತಪ್ಪಲು ಈ ಮಾತೂ ಕಾರಣ ಎಂದು ಮಂಡಳಿ ಬರೆಯಿತು. ನಿಲ್ದಾಣದಲ್ಲಿ ಕಾಮಗಾರಿ ನಡೆದು ಹಾದಿ ಬದಲಾಗಿತ್ತು, ಗೋಪುರದಲ್ಲಿದ್ದ ಒಬ್ಬನೇ ನಿಯಂತ್ರಕ ಬೇರೆ ಕೆಲಸಕ್ಕೆಂದು ಬೆನ್ನು ತಿರುಗಿಸಿದ್ದ. ಇವೆಲ್ಲ ನಿಜವೇ. ಆದರೆ ದಿಕ್ಸೂಚಿ ಇದ್ದದ್ದು ಪೈಲಟ್‌ಗಳ ಕಣ್ಣೆದುರಿಗೆ.

ಮಾತಾಡಬಾರದೆಂಬ ನಿಯಮ ಆ ಹೊತ್ತಿಗೆ ಇಪ್ಪತ್ತೈದು ವರ್ಷ ಹಳೆಯದು. 1974ರಲ್ಲಿ ಷಾರ್ಲಟ್ ನಗರದ ಬಳಿ ಈಸ್ಟರ್ನ್ ಸಂಸ್ಥೆಯ ವಿಮಾನವೊಂದು ಇಳಿಯುವಾಗ ನೆಲಕ್ಕಪ್ಪಳಿಸಿ 70ಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಕೊನೆಯ ನಿಮಿಷಗಳಲ್ಲಿ ಪೈಲಟ್‌ಗಳು ರಾಜಕೀಯ, ಹಳೇ ಕಾರು ಎಂದು ಮಾತಾಡಿಕೊಂಡಿದ್ದರು. ಇಂಥ ಪ್ರಕರಣಗಳ ನಂತರ 1981ರಲ್ಲಿ ಅಮೆರಿಕ ಒಂದು ನಿಯಮ ತಂದಿತು. ಟ್ಯಾಕ್ಸಿ ಮಾಡುವಾಗ, ಏರುವಾಗ, ಇಳಿಯುವಾಗ ಮತ್ತು ಸಾಮಾನ್ಯವಾಗಿ 10,000 ಅಡಿಗಿಂತ ಕೆಳಗಿರುವಾಗ ಕಾಕ್‌ಪಿಟ್‌ನಲ್ಲಿ ಹಾರಾಟದ ಸುರಕ್ಷತೆಗೆ ಬೇಕಾದದ್ದನ್ನು ಬಿಟ್ಟು ಬೇರೆ ಮಾತು, ಬೇರೆ ಕೆಲಸ ಕೂಡದು. ನಮ್ಮ ಬಸ್ಸುಗಳಲ್ಲಿ ಚಾಲಕರೊಂದಿಗೆ ಮಾತನಾಡಬೇಡಿ ಎಂದು ಬರೆದಿರುವುದಿಲ್ಲವೆ, ಅದರ ದೊಡ್ಡಣ್ಣ ಇದು. ಪಾಲನೆಯ ವಿಷಯದಲ್ಲೂ ಎರಡಕ್ಕೂ ಸ್ವಲ್ಪ ಹೋಲಿಕೆ ಇದ್ದಂತಿದೆ.

1988ರ ಆಗಸ್ಟ್ 31ರಂದು ಡಲ್ಲಾಸ್‌ನಲ್ಲಿ ನಡೆದದ್ದನ್ನು ನೋಡಿ. ಡೆಲ್ಟಾ ಸಂಸ್ಥೆಯ ಬೋಯಿಂಗ್ 727 ಸರದಿಯಲ್ಲಿ ಕಾಯುತ್ತಿತ್ತು. ಗಗನಸಖಿಯೊಬ್ಬರು ಕಾಕ್‌ಪಿಟ್‌ಗೆ ಬಂದರು. ಚುನಾವಣೆ, ಹೊರಗೆ ಕಂಡ ಹಕ್ಕಿಗಳು, ಹೀಗೆ ಮಾತು ಬೆಳೆಯಿತು. ಬಳಿಕ ಪಟ್ಟಿ ಓದುವಾಗ ‘ಫ್ಲ್ಯಾಪ್’ ಎಂಬ ಸಾಲಿಗೆ, ಸರಿಯಾಗಿ ಇಳಿಸಿದೆ ಎಂಬ ಉತ್ತರ ಬಂತು. ನಿಜದಲ್ಲಿ ಇಳಿಸಿರಲಿಲ್ಲ. ಸಾವಿರ ಸಲ ಹೇಳಿದ ಉತ್ತರವನ್ನು ಬಾಯಿ ತಾನಾಗಿ ಹೇಳಿತ್ತು.

ರೆಕ್ಕೆಯ ಹಿಂಚಿನಲ್ಲಿ ಕೆಳಕ್ಕೆ ಬಾಗುವ ಹಲಗೆಗಳೇ ಫ್ಲ್ಯಾಪ್‌ಗಳು. ವಿಮಾನವನ್ನು ಎತ್ತುವ ಬಲ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ವೇಗ ಅರ್ಧವಾದರೆ ಬಲ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ನೆಲದಿಂದ ಏಳುವಾಗ ವೇಗ ಕಡಿಮೆ. ಆ ಕೊರತೆಯನ್ನು ತುಂಬಲು ಫ್ಲ್ಯಾಪ್ ಇಳಿಸಿ ರೆಕ್ಕೆಯ ಬಾಗನ್ನು, ಕೆಲವು ಬಗೆಗಳಲ್ಲಿ ಹರವನ್ನೂ ಹೆಚ್ಚಿಸುತ್ತಾರೆ. ಇಳಿಸದಿದ್ದರೆ ಎಂದಿನ ವೇಗಕ್ಕೆ ವಿಮಾನ ಏಳದು, ಎದ್ದರೂ ನಿಲ್ಲದು. ಎಚ್ಚರಿಸಬೇಕಿದ್ದ ಗಂಟೆಯೂ ಅಂದು ಮೊಳಗಲಿಲ್ಲ. ವಿಮಾನದಲ್ಲಿದ್ದ 108 ಮಂದಿಯಲ್ಲಿ 14 ಮಂದಿ ಸತ್ತರು.

ಹರಟೆಯೇ ಎಲ್ಲಕ್ಕೂ ಕಾರಣವೆಂದು ಕೈತೊಳೆದುಕೊಳ್ಳುವಂತಿಲ್ಲ. ಅದಕ್ಕೊಂದು ವರ್ಷ ಮೊದಲು, 1987ರ ಆಗಸ್ಟ್ 16ರಂದು ಡೆಟ್ರಾಯಿಟ್‌ನಲ್ಲಿ ನಾರ್ತ್‌ವೆಸ್ಟ್ ಸಂಸ್ಥೆಯ ವಿಮಾನವೂ ಫ್ಲ್ಯಾಪ್ ಇಳಿಸದೆ ಹೊರಟಿತ್ತು. ಅಲ್ಲಿ ಗಮನ ಸೆಳೆದದ್ದು ಕೆಲಸವೇ. ರನ್‌ವೇ ಬದಲಾಯಿತು, ಹೊಸ ಲೆಕ್ಕ ನೋಡಬೇಕಾಯಿತು, ನಡುವೆ ಒಂದು ತಿರುವು ತಪ್ಪಿತು. ಟ್ಯಾಕ್ಸಿ ಮಾಡುವಾಗಿನ ಪಟ್ಟಿಯನ್ನು ಓದುವುದೇ ಬಿಟ್ಟುಹೋಯಿತು. ಎಚ್ಚರಿಕೆಯ ಸಾಧನಕ್ಕೆ ವಿದ್ಯುತ್ತೂ ಇರಲಿಲ್ಲ. ವಿಮಾನದಲ್ಲಿದ್ದ 155 ಮಂದಿಯಲ್ಲಿ ಬದುಕಿದ್ದು ನಾಲ್ಕು ವರ್ಷದ ಒಂದು ಹೆಣ್ಣುಮಗು. ನೆಲದ ಮೇಲಿದ್ದ ಇಬ್ಬರೂ ಸತ್ತರು.

ಒಲೆಯ ಮೇಲೆ ಹಾಲಿಟ್ಟಾಗಲೇ ಬಾಗಿಲು ಬಡಿದ ಸದ್ದಾದರೆ ಏನಾಗುತ್ತದೆಂದು ಅಮ್ಮಂದಿರಿಗೆ ಗೊತ್ತು. ಮರೆತಿರುವುದನ್ನು ಮನಸ್ಸು ತಾನಾಗಿ ನೆನಪಿಸುವುದಿಲ್ಲ. ಹಾಲು ಉಕ್ಕಿದ ವಾಸನೆ ನೆನಪಿಸುತ್ತದೆ. ಫ್ಲ್ಯಾಪ್‌ಗೆ ವಾಸನೆಯಿಲ್ಲ. ಅದಕ್ಕೇ ಪಟ್ಟಿಯನ್ನು ಗಟ್ಟಿಯಾಗಿ ಓದಬೇಕು, ಬೆರಳಿಟ್ಟು ನೋಡಿ ಉತ್ತರಿಸಬೇಕು, ನಡುವೆ ತಡೆಬಂದರೆ ಮತ್ತೆ ಮೊದಲಿಂದ ಶುರುಮಾಡಬೇಕು ಎಂದು ಪೈಲಟ್‌ಗಳಿಗೆ ಕಲಿಸುತ್ತಾರೆ.

2014ರಲ್ಲಿ ಅಮೆರಿಕ, ಪೈಲಟ್‌ಗಳು ಕಾಕ್‌ಪಿಟ್‌ನಲ್ಲಿ ಸ್ವಂತ ಕೆಲಸಕ್ಕೆ ಫೋನು, ಲ್ಯಾಪ್‌ಟಾಪ್ ಬಳಸುವುದನ್ನೂ ನಿಷೇಧಿಸಿತು. ಅದಕ್ಕೂ ಮೊದಲು ಇನ್ನೊಂದು ಬದಲಾವಣೆ ಬಂದಿತ್ತು. ‘22ಕ್ಕೆ ಹೋಗಿ’ ಎಂದರೆ ದಾರಿಯಲ್ಲಿ ಸಿಗುವ ರನ್‌ವೇಗಳನ್ನೆಲ್ಲ ದಾಟಲು ಅನುಮತಿ ಸಿಕ್ಕಿತೆಂದೇ 2006ರಲ್ಲಿ ಅರ್ಥವಿತ್ತು. 2010ರಿಂದ ಪ್ರತಿಯೊಂದು ರನ್‌ವೇ ದಾಟಲೂ ಗೋಪುರ ಅದರ ಸಂಖ್ಯೆ ಹೇಳಿಯೇ ಅನುಮತಿ ಕೊಡಬೇಕಾಯಿತು. ಲೆಕ್ಸಿಂಗ್‌ಟನ್‌ನ ಆ ಗಿಡ್ಡ ರನ್‌ವೇ ಈಗಿಲ್ಲ. ಅದರ ಬದಲಿಗೆ 4,000 ಅಡಿಯ ಹೊಸದೊಂದು 2009ರಲ್ಲಿ ತೆರೆಯಿತು. ದೊಡ್ಡ ರನ್‌ವೇಗೆ ಹೋಗುವ ವಿಮಾನ ಅದನ್ನು ದಾಟಬೇಕಾಗಿಲ್ಲ.