ಕಾಲೇಜಿನ ಹೊಸ ಉಪಕರಣಗಳೂ ಸಹಾಯಕ ಸಿಬ್ಬಂದಿಯೂ

ನಮ್ಮ ಕಾಲೇಜುಗಳಿಗೆ ವರ್ಷಕ್ಕೊಂದರಂತೆ ಹೊಸ ಕಂಪ್ಯೂಟರ್ ಉಪಕರಣಗಳು ಬಂದು ಸೇರುವುದು ಈಗ ವಾಡಿಕೆಯಾಗಿದೆ. ಹಾಜರಿ ಹಿಡಿಯುವುದಕ್ಕೆ ಒಂದು, ಪಾಠಗಳನ್ನು ಇಡುವುದಕ್ಕೆ ಮತ್ತೊಂದು, ಕಿರುಪರೀಕ್ಷೆಗೆ ಮೂರನೆಯದು. ವಿದ್ಯಾರ್ಥಿಯ ಪ್ರಶ್ನೆಗೆ ತಾನೇ ಉತ್ತರ ಹೇಳುವ ಕೃತಕ ಬುದ್ಧಿಮತ್ತೆಯ ತಂತ್ರಾಂಶವೂ ಈಗ ಬಾಗಿಲಲ್ಲಿ ನಿಂತಿದೆ. ಇವನ್ನು ಆರಿಸುವವರು ಆಡಳಿತ ಮಂಡಲಿಯವರು; ಹೊಗಳುವವರು ಮಾರುವವರು; ಬಳಸತಕ್ಕವರು ಅಧ್ಯಾಪಕರೂ ವಿದ್ಯಾರ್ಥಿಗಳೂ. ಆದರೆ ಉಪಕರಣವು ಕೆಟ್ಟುನಿಂತ ದಿನ ಸಾಲು ನಿಲ್ಲುವುದು ಯಾರ ಮೇಜಿನ ಮುಂದೆ? ಪ್ರಯೋಗಶಾಲೆಯ ಸಹಾಯಕ, ಗ್ರಂಥಾಲಯದ ಸಹಾಯಕಿ, ಕಚೇರಿಯ ಗುಮಾಸ್ತ, ಇವರ ಮುಂದೆ. ಕೊಳ್ಳುವ ಮುನ್ನ ಇವರನ್ನು ಒಂದು ಮಾತು ಕೇಳುವ ಪದ್ಧತಿಯು ಬಹುಮಟ್ಟಿಗೆ ನಮ್ಮಲ್ಲಿಲ್ಲವೆಂದು ವಿಷಾದದಿಂದ ಹೇಳಬೇಕಾಗಿದೆ.

ಈಚೆಗೆ ನಮ್ಮ ಕಚೇರಿಗೆ ಬಂದಿದ್ದ ಇಂಥ ಸಹಾಯಕರೊಬ್ಬರು ಹೇಳಿದ ಸಂಗತಿಯನ್ನು ವಾಚಕರ ಮುಂದಿಡುತ್ತೇವೆ. ಅವರ ಕಾಲೇಜಿನ ಹೆಸರು ಇಲ್ಲಿ ಬೇಡ. ಹೊಸ ಹಾಜರಿ ವ್ಯವಸ್ಥೆಯನ್ನು ಸೋಮವಾರ ಉದ್ಘಾಟಿಸುವುದೆಂದು ಗೊತ್ತಾಗಿದ್ದು, ಅದರ ಪಾಸ್‌ವರ್ಡು ಇವರ ಕೈಸೇರಿದುದು ಶನಿವಾರ ಮಧ್ಯಾಹ್ನ. ಭಾನುವಾರದ ರಜೆಯನ್ನು ಬಿಟ್ಟು, ಇಬ್ಬರು ವಿದ್ಯಾರ್ಥಿಗಳನ್ನೂ ಒಂದು ಹಳೆಯ ಮೊಬೈಲನ್ನೂ ಜೊತೆಗಿಟ್ಟುಕೊಂಡು ಅವರು ಪರೀಕ್ಷಿಸಲು ಕುಳಿತರು. ಮೊದಲನೆಯ ಹೆಸರೇ ಒಳಕ್ಕೆ ಹೋಗಲಿಲ್ಲ! ವ್ಯವಸ್ಥೆಯು ಕುಲನಾಮವನ್ನು ಕೇಳುತ್ತಿತ್ತು. ನಮ್ಮ ನಾಡಿನಲ್ಲಿ ಅನೇಕರಿಗೆ ಕುಲನಾಮವೆಂಬುದೇ ಇಲ್ಲ. ಊರಿನದೊಂದು ಅಕ್ಷರ, ತಂದೆಯದೊಂದು ಅಕ್ಷರ, ಅಷ್ಟೆ. ಆ ಸ್ಥಳವನ್ನು ಬರಿದಾಗಿ ಬಿಡಲು ಯಂತ್ರವು ಒಪ್ಪದು. ಒಬ್ಬನು ಅಲ್ಲಿ ಚುಕ್ಕಿಯಿಟ್ಟನು, ಇನ್ನೊಬ್ಬನು ತನ್ನ ಹೆಸರನ್ನೇ ಎರಡು ಸಲ ಬರೆದನು. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯ ಹೆಸರೊಂದು, ಕಾಲೇಜಿನ ಹೆಸರು ಮತ್ತೊಂದು ಆಯಿತು. ಇದು ಕ್ಷುಲ್ಲಕವೆಂದು ನಗುವವರು, ಹೆಸರು ತಾಳೆಯಾಗಲಿಲ್ಲವೆಂಬ ಒಂದೇ ಕಾರಣಕ್ಕೆ ವಿದ್ಯಾರ್ಥಿವೇತನದ ಅರ್ಜಿಯು ಹಿಂದಕ್ಕೆ ಬಂದ ಬಡ ಹುಡುಗಿಯನ್ನು ಕೇಳಿ ನೋಡಲಿ. ಸಹಾಯಕರು ತಾವು ಕಂಡುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಸೋಮವಾರ ಬೆಳಗ್ಗೆ ಮೇಲಿನವರಿಗೆ ಒಪ್ಪಿಸಿದರು. ಹಾರ ತುರಾಯಿಗಳು ಆಗಲೇ ಬಂದಿದ್ದವು. ಉದ್ಘಾಟನೆಯು ಸಾಂಗವಾಗಿ ನೆರವೇರಿತು.

ಕನ್ನಡದ ಪಾಡಂತೂ ಬೇರೆಯೇ. ಯೂನಿಕೋಡಿನ ಮೊದಲ ಆವೃತ್ತಿಯು 1991ರಲ್ಲಿ ಹೊರಬಂದಾಗಲೇ ಅದರಲ್ಲಿ ನಮ್ಮ ಲಿಪಿಗೆ ಸ್ಥಾನವಿದ್ದಿತು. ಆದರೂ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಪಾಠಟಿಪ್ಪಣಿಗಳು ಇನ್ನೂ ಕಪಾಟು ತುಂಬ ಇವೆ. ಅವನ್ನು ಹೊಸ ವ್ಯವಸ್ಥೆಗೆ ಏರಿಸಿದೊಡನೆ ಅರ್ಥವಿಲ್ಲದ ಚಿಹ್ನೆಗಳ ರಾಶಿಯು ಎದುರಾಗುತ್ತದೆ. ಯೂನಿಕೋಡಿನಲ್ಲಿ ಬರೆದುದೂ ನಿಶ್ಚಿಂತವಲ್ಲ. ರ‍್ಯಾಂಕ್ ಎಂಬ ಪದವು ಸರಿಯಾಗಿ ಮೂಡಬೇಕಾದರೆ ಕಣ್ಣಿಗೆ ಕಾಣದ ಜೋಡಕ ಚಿಹ್ನೆಯೊಂದು ಬೇಕು. ರಾಜ್‌ಕುಮಾರ್ ಎಂದು ಬಿಡಿಸಿ ಬರೆಯಲು ಕಾಣದ ಇನ್ನೊಂದು ಚಿಹ್ನೆ ಬೇಕು. ಒಬ್ಬರು ಅದನ್ನು ಹಾಕಿ ಬರೆಯುತ್ತಾರೆ, ಮತ್ತೊಬ್ಬರು ಹಾಕದೆ ಬರೆಯುತ್ತಾರೆ. ಈ ಭೇದವನ್ನು ಗಣಿಸದೆ ಕಟ್ಟಿದ ತಂತ್ರಾಂಶದಲ್ಲಿ ಹುಡುಕಿದರೆ ಇದ್ದ ವಿದ್ಯಾರ್ಥಿಯೇ ಇಲ್ಲವಾಗುತ್ತಾನೆ. ತಂತ್ರಾಂಶವನ್ನು ಬರೆದ ಜಾಣರ ಗಮನಕ್ಕೆ ಬಾರದ ಈ ದೋಷವು, ದಿನವೂ ಪುಸ್ತಕಗಳ ಹೆಸರು ಹುಡುಕುವ ಗ್ರಂಥಾಲಯದ ಸಹಾಯಕಿಗೆ ಹತ್ತು ನಿಮಿಷದಲ್ಲಿ ಸಿಕ್ಕೀತು.

ದೃಷ್ಟಿಯಿಲ್ಲದ ವಿದ್ಯಾರ್ಥಿಗಳನ್ನು ಇಲ್ಲಿ ನೆನೆಯದಿರುವುದು ನ್ಯಾಯವಲ್ಲ. ಪರದೆಯ ಮೇಲಿನುದನ್ನು ಓದಿ ಹೇಳುವ ಎನ್.ವಿ.ಡಿ.ಎ. ಎಂಬ ತಂತ್ರಾಂಶವು ಉಚಿತವಾಗಿ ದೊರೆಯುತ್ತದೆ. ಆದರೆ ಗುಂಡಿಗೆ ಹೆಸರು ಕೊಡದೆ ಬರಿಯ ಚಿತ್ರವನ್ನಿಟ್ಟಿದ್ದರೆ ಅದು “ಬಟನ್” ಎಂದಷ್ಟೇ ಉಚ್ಚರಿಸಿ ಸುಮ್ಮನಾಗುತ್ತದೆ. ಸಲ್ಲಿಸುವ ಗುಂಡಿ ಯಾವುದು, ಅಳಿಸುವ ಗುಂಡಿ ಯಾವುದು? ಬರೆದ ಉತ್ತರವೆಲ್ಲ ಕೈತಪ್ಪಿದ ಮೇಲೆ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯನ್ನು ಓದಿ ಹೇಳಿದರೆ ಆತನಿಗೆ ಏನು ಸಮಾಧಾನ?

ಉಪಕರಣವು ಇಂದು ಚೆನ್ನಾಗಿದ್ದರೆ ಸಾಲದು, ನಾಳೆಯೂ ಇರಬೇಕು. ವಿದ್ಯಾಸಂಸ್ಥೆಗಳಿಗೆ ಮಿತಿಯಿಲ್ಲದ ಸಂಗ್ರಹಸ್ಥಳವನ್ನು ಕೊಡುತ್ತಿದ್ದ ಗೂಗಲ್ ಸಂಸ್ಥೆಯವರು, ಅದನ್ನು ನಿಲ್ಲಿಸುವುದಾಗಿ 2021ರ ಫೆಬ್ರವರಿಯಲ್ಲಿ ಸಾರಿದರು. 2022ರ ಜುಲೈಯಿಂದ ಸಂಸ್ಥೆಯೊಂದಕ್ಕೆ ಮೂಲತಃ 100 ಟೆರಾಬೈಟು ಎಂಬ ಮಿತಿಯನ್ನು ಗೊತ್ತುಮಾಡಿದರು. ಅದೇ ಸಂಸ್ಥೆಯವರ ಜಾಮ್‌ಬೋರ್ಡ್ ಎಂಬ ಬರೆಯುವ ಫಲಕವು 2024ರ ಡಿಸೆಂಬರ್ 31ಕ್ಕೆ ಮುಗಿಯಿತು. ಕೊಡುವವರು ಹಿಂತೆಗೆದುಕೊಳ್ಳುವುದು ಅವರ ವ್ಯಾಪಾರದ ಮಾತು, ಅದನ್ನು ನಾವು ದೂರುವುದಿಲ್ಲ. ಆದರೆ ಕೊಳ್ಳುವ ಮುನ್ನವೇ “ಇಲ್ಲಿಟ್ಟುದನ್ನು ಹೊರಕ್ಕೆ ತೆಗೆಯುವ ದಾರಿ ಯಾವುದು?” ಎಂದು ಕೇಳತಕ್ಕವನು ಯಾವನು? ಮುಂದೆ ಕುಳಿತು ತೆಗೆಯಬೇಕಾದವನೇ ಅಲ್ಲವೆ?

ಸ್ವತಂತ್ರ ತಂತ್ರಾಂಶಗಳಿರುವಾಗ ಈ ಗೊಡವೆ ಏಕೆಂದು ಕೆಲವು ಮಿತ್ರರು ಕೇಳುವರು. 2002ರಲ್ಲಿ ಆಸ್ಟ್ರೇಲಿಯಾದಿಂದ ಹೊರಬಂದ ಮೂಡಲ್, ನ್ಯೂಜಿಲೆಂಡಿನ ಒಂದು ಗ್ರಂಥಾಲಯದಲ್ಲಿ 2000ದಲ್ಲಿ ಬಳಕೆಗೆ ಬಂದ ಕೋಹಾ, ಇವನ್ನು ನಮ್ಮ ಯಂತ್ರದಲ್ಲಿಯೇ ಇರಿಸಿಕೊಳ್ಳಬಹುದು. ನಮಗೂ ಅದೇ ಮೆಚ್ಚುಗೆ. ಆದರೆ ಅದನ್ನು ಕಾಲಕಾಲಕ್ಕೆ ನವೀಕರಿಸಿ ಪ್ರತಿಗಳನ್ನು ತೆಗೆದಿಡಲು ನೆಲೆನಿಂತ ಮನುಷ್ಯನೊಬ್ಬನು ಬೇಕು. ಹೊರಗುತ್ತಿಗೆಯ ಅವಧಿ ಮುಗಿದೊಡನೆ ಕೆಲಸ ಬಲ್ಲವನನ್ನು ಕಳುಹಿಸಿ ಹೊಸಬನನ್ನು ಕರೆಯುವ ಕಾಲೇಜಿನಲ್ಲಿ ಯಾವ ತಂತ್ರಾಂಶವೂ ಉಳಿಯದು. ಈ ವಿಷಯದಲ್ಲಿ ಸರ್ಕಾರದವರ ಹೊಣೆಯು ಕಾಲೇಜಿನವರದಕ್ಕಿಂತ ಕಡಮೆಯೇನೂ ಅಲ್ಲ.

ಮೇಲಿನಿಂದ ಗಡುವು ಬಂದಾಗ ಪರೀಕ್ಷಿಸಲು ವೇಳೆಯೆಲ್ಲಿ ಎಂದು ಪ್ರಾಂಶುಪಾಲರು ಹೇಳುವುದರಲ್ಲಿ ಸತ್ಯಾಂಶವಿದೆ. ಇರುವ ಒಬ್ಬ ಸಹಾಯಕನೇ ಗಂಟೆ ಬಾರಿಸಿ, ಪ್ರೊಜೆಕ್ಟರನ್ನೂ ಹೊರುವ ಚಿಕ್ಕ ಕಾಲೇಜುಗಳನ್ನು ನಾವು ಕಂಡಿದ್ದೇವೆ. ಆದಕಾರಣ ನಾವು ಕೇಳುವುದು ಅಲ್ಪವೇ. ಅಧ್ಯಾಪನ ಆರಂಭವಾಗುವ ಮುನ್ನ ಎರಡು ವಾರ, ಸಂಬಳದ ವೇಳೆಯಲ್ಲಿ, ಸಹಾಯಕ ಸಿಬ್ಬಂದಿಯು ಉಪಕರಣವನ್ನು ಬಳಸಿ ನೋಡಲಿ. ಅದೂ ಪ್ರಾಂಶುಪಾಲರ ಕೊಠಡಿಯ ವೇಗದ ಸಂಪರ್ಕದಲ್ಲಲ್ಲ, ಹಳ್ಳಿಯ ವಿದ್ಯಾರ್ಥಿಯ ಅಗ್ಗದ ಮೊಬೈಲಿನಲ್ಲಿ. ಪರೀಕ್ಷೆಗೆ ಕಲ್ಪಿತ ಹೆಸರುಗಳೇ ಸಾಕು. ನಿಜವಾದ ಮಕ್ಕಳ ದೂರವಾಣಿ ಸಂಖ್ಯೆಗಳನ್ನೂ ಜಾತಿ ಪ್ರಮಾಣಪತ್ರಗಳನ್ನೂ ಅಪರಿಚಿತ ಯಂತ್ರಕ್ಕೆ ಒಪ್ಪಿಸುವುದು ಅವಿವೇಕ. ಅವರು ಬರೆದ ಟಿಪ್ಪಣಿಯನ್ನು ಹಣಪಾವತಿಯ ಕಡತದಲ್ಲಿ ಸೇರಿಸಿ, ಓದಿದ ಬಳಿಕವೇ ರುಜು ಹಾಕತಕ್ಕದ್ದು. ಬೇಡವೆಂದು ಬರೆದವನ ಮೇಲೆ ಯಾರೂ ಮುನಿಯಕೂಡದು.

ಆ ಸಹಾಯಕರು ಬರೆದ ಹಾಳೆಯ ನಕಲು ನಮ್ಮ ಕಚೇರಿಯಲ್ಲಿದೆ. ಅದರಲ್ಲಿ ಹದಿನಾಲ್ಕು ಅಂಶಗಳಿವೆ; ಕೊನೆಯದು ಅಂದಿನ ತಮ್ಮ ಊಟದ ಖರ್ಚಿನದು. ಇಂಥದೇ ಪ್ರಯತ್ನಕ್ಕೆ ಹೊರಟಿರುವ ಕಾಲೇಜಿನವರು ಅಪೇಕ್ಷಿಸಿದರೆ, ಹೆಸರುಗಳನ್ನು ತೆಗೆದು ಕಳುಹಿಸಿಕೊಡುತ್ತೇವೆ.