ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು

ಹೋದ ತಿಂಗಳು ಒಂದು ಸಂಜೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ ತಂದೆಯ ಜೊತೆ ಮನೆಗೆ ಬಂದ. ಹುಡುಗ ಈಗ ದ್ವಿತೀಯ ಪಿಯುಸಿ. ತಂದೆ ಆಗಷ್ಟೇ ಸ್ವಯಂ ನಿವೃತ್ತಿ ಪಡೆದವರು. “ಮೇಷ್ಟ್ರೇ, ಒಂದು ಪದ್ಮಿನಿ ಕಾರು ನೋಡಿದ್ದೇನೆ. ನಮ್ಮಪ್ಪ ಇಪ್ಪತ್ತು ವರ್ಷ ಅದೇ ಗಾಡಿಯಲ್ಲಿ ಬಾಡಿಗೆ ಹೊಡೆದು ನಮ್ಮನ್ನೆಲ್ಲ ಓದಿಸಿದರು. ಮನೆ ಮುಂದೆ ಒಂದು ಇರಲಿ ಅಂತ ಆಸೆ” ಎಂದರು. ಹುಡುಗ ಮೆಲ್ಲಗೆ, “ಸಾರ್, ನನ್ನ ಮುಂದಿನ ವರ್ಷದ ಫೀಸೂ ಅದೇ ದುಡ್ಡಿನಲ್ಲೇ ಇದೆ” ಎಂದ. ತಂದೆ ಮಾತಾಡಲಿಲ್ಲ.

ಪದ್ಮಿನಿಯನ್ನು ಇಂದಿನ ಮಕ್ಕಳು ಹಳೆಯ ಸಿನಿಮಾಗಳಲ್ಲಷ್ಟೇ ನೋಡಿರಬಹುದು. ಇಟಲಿಯ ಫಿಯೆಟ್ 1100 ಮಾದರಿಯ ಈ ಕಾರನ್ನು ಬೊಂಬಾಯಿಯ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ ತಯಾರಿಸುತ್ತಿತ್ತು. ಪದ್ಮಿನಿ ಎಂಬ ಹೆಸರು ಬಂದದ್ದು 1970ರ ದಶಕದಲ್ಲಿ. 2000ದ ಸುಮಾರಿಗೆ ತಯಾರಿಕೆ ನಿಂತಿತು. ಮುಂಬಯಿಯಲ್ಲಿ ಟ್ಯಾಕ್ಸಿಗಳಾಗಿ ಉಳಿದಿದ್ದವೂ 2023ರ ಅಕ್ಟೋಬರ್‌ನಲ್ಲಿ ರಸ್ತೆಯಿಂದ ಮರೆಯಾದವು. ಅಂದರೆ ಇಂದು ಮಾರಾಟಕ್ಕಿರುವ ಯಾವ ಪದ್ಮಿನಿಯೂ ಇಪ್ಪತ್ತು ವರ್ಷ ದಾಟಿದ್ದೇ. ಬಣ್ಣ ಹೊಸದಿರಬಹುದು, ಎಂಜಿನ್ ಹೊಸದಲ್ಲ.

ಮರುದಿನ ಮೂವರೂ ಹೋದೆವು. ಕಾರು ಕನ್ನಡಿಯಂತೆ ಹೊಳೆಯುತ್ತಿತ್ತು. ಕೀಲಿ ತಿರುಗಿಸಿದ್ದೇ ತಡ, ಎಂಜಿನ್ ಶುರುವಾಯಿತು. ತಂದೆಯ ಮುಖ ಅರಳಿತು. ನಾನು ಬಾನೆಟ್ಟಿನ ಮೇಲೆ ಅಂಗೈ ಇಟ್ಟೆ. ಬಿಸಿ! ಮಾರುವವರು, “ನೀವು ಬರ್ತೀರ ಅಂತ ಒಂದು ರೌಂಡ್ ಓಡಿಸಿ ತಂದೆ ಸಾರ್” ಎಂದರು. ಅವರ ಮನಸ್ಸಿನಲ್ಲಿ ಮೋಸವಿತ್ತೆಂದು ನಾನು ಹೇಳಲಾರೆ. ಆದರೆ ಬಿಸಿ ಎಂಜಿನ್ ಕೆಲವು ಕಾಯಿಲೆಗಳನ್ನು ಮುಚ್ಚಿಡುತ್ತದೆ. “ನಾಳೆ ಬೆಳಿಗ್ಗೆ ಬರುತ್ತೇವೆ. ಅಲ್ಲಿಯವರೆಗೆ ಸ್ಟಾರ್ಟ್ ಮಾಡಬೇಡಿ” ಎಂದು ಹೇಳಿ ಬಂದೆವು.

ತಣ್ಣಗಿರುವಾಗಲೇ ಏಕೆ ನೋಡಬೇಕು? ರಾತ್ರಿಯೆಲ್ಲ ನಿಂತ ಎಂಜಿನ್‌ನಲ್ಲಿ ವಾಲ್ವ್‌ಗಳ ಸೀಲು ಸವೆದಿದ್ದರೆ ಎಣ್ಣೆ ಹನಿಹನಿಯಾಗಿ ಸಿಲಿಂಡರಿಗೆ ಇಳಿದಿರುತ್ತದೆ. ಬೆಳಿಗ್ಗೆ ಮೊದಲ ಸಲ ಶುರುಮಾಡಿದಾಗ ಅದು ಉರಿದು ನೀಲಿ ಹೊಗೆಯಾಗಿ ಹೊರಬರುತ್ತದೆ. ಆಗಲೇ ಒಂದು ರೌಂಡ್ ಓಡಿದ ಗಾಡಿಯಲ್ಲಿ ಈ ಸಾಕ್ಷಿ ಅಳಿಸಿಹೋಗಿರುತ್ತದೆ.

ಮರುದಿನ ಸ್ಟಾರ್ಟ್ ಮಾಡುವ ಮುಂಚೆ ಡಿಪ್‌ಸ್ಟಿಕ್ ಎಳೆದು ನೋಡಿದೆವು. ಎಣ್ಣೆ ಕಪ್ಪಗಿದ್ದರೆ ಗಾಬರಿ ಬೇಡ, ಬದಲಾಯಿಸಿದರಾಯಿತು. ಹಾಲು ಹಾಕಿದ ಕಾಫಿಯಂತೆ ಕಂಡರೆ ಮಾತ್ರ ಎಚ್ಚರ. ಎಣ್ಣೆಯೊಳಗೆ ನೀರು ಬೆರೆತಿದೆ, ಹೆಡ್ ಗ್ಯಾಸ್ಕೆಟ್ ಹೋಗಿರಬಹುದು ಎಂದರ್ಥ. ರೇಡಿಯೇಟರಿನ ಮುಚ್ಚಳವನ್ನೂ ಆಗಲೇ ತೆಗೆದು ನೋಡಬೇಕು, ನೀರಿನ ಮೇಲೆ ಎಣ್ಣೆ ತೇಲುತ್ತಿರಬಾರದು. ಎಂಜಿನ್ ಬಿಸಿಯಿರುವಾಗ ಈ ಮುಚ್ಚಳವನ್ನು ಖಂಡಿತ ಮುಟ್ಟಬೇಡಿ. ನಿಮ್ಮ ಅಡುಗೆಮನೆಯ ಕುಕ್ಕರಿನ ತತ್ತ್ವವೇ ಇಲ್ಲೂ ಇದೆ. ಒತ್ತಡದಲ್ಲಿರುವ ನೀರು 100 ಡಿಗ್ರಿ ಸೆಲ್ಸಿಯಸ್ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ತೆಗೆದೊಡನೆ ಕುದಿದು ಮುಖಕ್ಕೆ ಚಿಮ್ಮುತ್ತದೆ. ಪೆಟ್ರೋಲಿನ ರಬ್ಬರ್ ಕೊಳವೆಗಳನ್ನೂ ಬೆರಳಿನಿಂದ ಹಿಸುಕಿ ನೋಡಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ. ಹಳೆಯ ಕಾಲದ ರಬ್ಬರಿಗೆ ಅದು ಒಗ್ಗುವುದಿಲ್ಲ, ಬಿರುಕುಬಿಟ್ಟು ಸೋರಬಹುದು.

ಇನ್ನು ಹೊಗೆ. ಹುಡುಗನನ್ನು ಸೈಲೆನ್ಸರಿನ ಹಿಂದೆ ನಿಲ್ಲಿಸಿದೆ. ಪೆಟ್ರೋಲು ಇಂಗಾಲ ಮತ್ತು ಜಲಜನಕಗಳ ಸಂಯುಕ್ತಗಳ ಮಿಶ್ರಣ. ಅದು ಉರಿದಾಗ ನೀರೂ ಹುಟ್ಟುತ್ತದೆ. ಆದ್ದರಿಂದ ಚಳಿಯ ಬೆಳಿಗ್ಗೆ ತೆಳುವಾದ ಬಿಳಿ ಹಬೆ ಕಂಡು ಸ್ವಲ್ಪ ಹೊತ್ತಿನಲ್ಲೇ ಮಾಯವಾದರೆ ದೋಷವಿಲ್ಲ. ಎಂಜಿನ್ ಬಿಸಿಯಾದ ಮೇಲೂ ದಟ್ಟವಾದ ಬಿಳಿ ಹೊಗೆ ನಿಲ್ಲದಿದ್ದರೆ ರೇಡಿಯೇಟರಿನ ನೀರು ಒಳಗೆ ಸೇರುತ್ತಿದೆ. ಕಪ್ಪು ಹೊಗೆಯೆಂದರೆ ಪೆಟ್ರೋಲು ಹೆಚ್ಚು, ಗಾಳಿ ಕಡಿಮೆ. ಇದು ಬಹುಮಟ್ಟಿಗೆ ಕಾರ್ಬುರೇಟರಿನ ತೊಂದರೆ, ರಿಪೇರಿಗೆ ಹೆಚ್ಚು ಖರ್ಚಿಲ್ಲ. ನೀಲಿ ಹೊಗೆಯೆಂದರೆ ಎಂಜಿನ್ ಎಣ್ಣೆ ಉರಿಯುತ್ತಿದೆ. ಶುರುವಿನಲ್ಲಿ ಒಮ್ಮೆ ಕಂಡು ನಿಂತರೆ ವಾಲ್ವಿನ ಸೀಲು. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಬಂದರೆ ಪಿಸ್ಟನ್ ರಿಂಗು ಸವೆದಿರುವ ಸಂಶಯ. “ಸಾರ್, ನೀಲಿ! ಒತ್ತಿದಾಗಲೆಲ್ಲ ಬರ್ತಿದೆ” ಎಂದು ಹುಡುಗ ಕೂಗಿದ.

ಸಂಶಯ ಬಂದರೆ ಸಾಲದು, ಅಳೆಯಬೇಕು. ಪರಿಚಯದ ಮೆಕ್ಯಾನಿಕ್ ಒಬ್ಬರನ್ನು ಕಂಪ್ರೆಷನ್ ಗೇಜಿನೊಂದಿಗೆ ಕರೆಸಿದೆವು. ಪದ್ಮಿನಿಯದು ನಾಲ್ಕು ಸಿಲಿಂಡರಿನ 1089 ಸಿಸಿ ಎಂಜಿನ್. ಪಿಸ್ಟನ್ ಮೇಲೇರುವಾಗ ಗಾಳಿ–ಪೆಟ್ರೋಲಿನ ಮಿಶ್ರಣವನ್ನು ಒತ್ತಿ ಹಿಡಿಯಬೇಕು. ಎಲ್ಲಾದರೂ ಸೋರಿದರೆ ಒತ್ತಡ ಏರುವುದಿಲ್ಲ. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಕಾಯಿಲಿನ ಸಂಪರ್ಕ ತಪ್ಪಿಸಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿಹಿಡಿದು ಸ್ಟಾರ್ಟರಿನಿಂದ ಎಂಜಿನ್ ತಿರುಗಿಸಿ ಒಂದೊಂದೇ ಸಿಲಿಂಡರನ್ನು ಅಳೆದರು. ಹುಡುಗ ಬರೆದುಕೊಂಡ: ಚದರ ಅಂಗುಲಕ್ಕೆ 120, 118, 75, 122 ಪೌಂಡು. ನಾಲ್ಕೂ ಹೆಚ್ಚುಕಡಿಮೆ ಒಂದೇ ಇರಬೇಕು. ಮೂರನೆಯದು ಬಿದ್ದುಹೋಗಿತ್ತು.

ಸೋರುತ್ತಿರುವುದು ರಿಂಗಿನಲ್ಲೋ, ವಾಲ್ವಿನಲ್ಲೋ? ಇದಕ್ಕೊಂದು ಸುಂದರ ಪ್ರಯೋಗವಿದೆ. ಪ್ಲಗ್ಗಿನ ತೂತಿನಿಂದ ಒಂದು ಚಮಚ ಎಂಜಿನ್ ಎಣ್ಣೆ ಬಿಟ್ಟು ಮತ್ತೆ ಅಳೆಯುವುದು. ಎಣ್ಣೆ ರಿಂಗಿನ ಸುತ್ತ ಕುಳಿತು ಸಂದನ್ನು ತಾತ್ಕಾಲಿಕವಾಗಿ ಮುಚ್ಚುತ್ತದೆ, ವಾಲ್ವಿನ ಸಂದನ್ನು ಮುಚ್ಚಲಾರದು. ಉಳಿದೆಲ್ಲವನ್ನೂ ಹಾಗೇ ಇಟ್ಟು ಒಂದನ್ನೇ ಬದಲಿಸುವ ಈ ಕ್ರಮವನ್ನೇ ನಿಮ್ಮ ಪ್ರಯೋಗಾಲಯದಲ್ಲೂ ಕಲಿಸುವುದು. ಮುಳ್ಳು 75ರಿಂದ 108ಕ್ಕೆ ಏರಿತು. ದೋಷ ರಿಂಗಿನದೇ.

“ಎಂಜಿನ್ ಇಳಿಸಬೇಕು, ಬೋರಿಂಗ್ ಮಾಡಿಸಬೇಕಾಗಬಹುದು” ಎಂದು ಮೆಕ್ಯಾನಿಕ್ ಅಂದಾಜು ಖರ್ಚು ಹೇಳಿದರು. ಅಷ್ಟನ್ನು ಬೆಲೆಯಲ್ಲಿ ಇಳಿಸಿ ಎಂದು ಕೇಳಿದೆವು. ಮಾರುವವರು ಒಪ್ಪಲಿಲ್ಲ. ತಂದೆ ಸ್ಟಿಯರಿಂಗಿನ ಮೇಲೆ ಸ್ವಲ್ಪ ಹೊತ್ತು ಕೈಯಿಟ್ಟು ಕುಳಿತಿದ್ದು, “ಬೇಡ ಬಿಡಿ ಮೇಷ್ಟ್ರೇ” ಎಂದು ಇಳಿದರು.

ಬಸ್ಸಿನಲ್ಲಿ ಬರುವಾಗ ಅವರಾಗಿಯೇ ಹೇಳಿದರು: “ನಮ್ಮಪ್ಪ ದಿನಾ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿ, ಹಿಂದೆ ಹೋಗಿ ಹೊಗೆ ನೋಡಿಕೊಂಡೇ ಕಾಫಿಗೆ ಒಳಗೆ ಬರ್ತಿದ್ದರು. ಯಾಕೆ ಅಂತ ನಾನು ಒಂದು ದಿನವೂ ಕೇಳಲಿಲ್ಲ.” ಮಗ ತಾನು ಬರೆದುಕೊಂಡಿದ್ದ ಚೀಟಿಯನ್ನು ಅವರ ಕೈಗೆ ಕೊಟ್ಟ. ಅವರು ಅದನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡರು. ಇನ್ನೊಂದು ಪದ್ಮಿನಿ ಸಿಕ್ಕೀತು. ಆಗ ಕೇಳಬೇಕಾದ ಪ್ರಶ್ನೆಗಳು ಇಬ್ಬರಿಗೂ ಗೊತ್ತಿರುತ್ತವೆ.

ವಿದ್ಯಾರ್ಥಿ ಮಿತ್ರರೇ, ಈ ಭಾನುವಾರ ಬೆಳಿಗ್ಗೆ ಮನೆಯ ಗಾಡಿ ಸ್ಟಾರ್ಟ್ ಮಾಡುವಾಗ ಹಿರಿಯರ ಜೊತೆ ಹೊರಗೆ ಬಯಲಿನಲ್ಲಿ, ಹೊಗೆ ಕುಡಿಯದಷ್ಟು ದೂರ ನಿಂತು ಬಣ್ಣ ನೋಡಿ. ಏನು ಕಂಡಿತು, ಏಕೆ ಎಂದು ನೋಟ್ ಪುಸ್ತಕದಲ್ಲಿ ಬರೆಯಿರಿ.